ಬಸವೇಶ್ವರನಗರದ ಕುವೈತ್

ಸೆಪ್ಟೆಂಬರ್ 17, ಬುಧವಾರ. ಬೆಳಿಗ್ಗೆ 11

ಎರಡನೇ ಟ್ರೇ ಒಳಗಿದೆ. ರಾಗಿ ಬಿಸ್ಕತ್ತು. ಇನ್ನು ಇಪ್ಪತ್ತು ನಿಮಿಷ ಪುರುಸೊತ್ತು. ಓವನ್ ಈಗ ಬೆಡ್‌ರೂಮಿನಲ್ಲೇ ಇದೆ, ನನ್ನ ಮಂಚದ ಪಕ್ಕ. ಅಡುಗೆಮನೆ ಕಿಟಕಿ ಎದುರುಮನೆಯವರಿಗೆ ಕಾಣುತ್ತದೆ. ನಾನು ಯಾರಿಗೂ ಕಾಣಬಾರದು. ಯಾಕೆಂದರೆ ಎಲ್ಲರ ಲೆಕ್ಕದಲ್ಲಿ ನಾನು ಕುವೈತ್‌ನಲ್ಲಿ ಎ.ಸಿ. ಸೂಪರ್‌ವೈಸರ್.

ತಪ್ಪು ನನ್ನದೇ. ಸುಮ್ಮನೆ ಸೂಟ್‌ಕೇಸ್ ಹಿಡಿದು ಹೋಗಬೇಕಿತ್ತು. ಹಾರ, ಆರತಿ, ಬೀದಿಗೆಲ್ಲ ಪೇಡ. ಗೆಳೆಯ ಪುರುಷೋತ್ತಮ ಪಾರ್ಕಿನ ಮೂಲೆಯಲ್ಲಿ ನನ್ನ ಫೋಟೋ ಇರುವ ಫ್ಲೆಕ್ಸ್ ಕಟ್ಟಿಸಿದ — 'ಕುವೈತ್‌ಗೆ ಹಾರುತ್ತಿರುವ ನಮ್ಮ ಹೆಮ್ಮೆಯ ಬಸವಕುಮಾರ್‌ಗೆ ಶುಭಾಶಯಗಳು'. ಅಪ್ಪ ಮೇಷ್ಟ್ರಾಗಿದ್ದವರು, ಯಾರ ಮುಂದೆಯೂ ಕಣ್ಣೀರು ಹಾಕಿದವರಲ್ಲ. ಅಂದು ಹಾಕಿದರು. "ನಮ್ ವಂಶದಲ್ಲಿ ವಿಮಾನ ಹತ್ತಿದೋನು ನೀನೇ ಮೊದ್ಲು ಕಣಪ್ಪ" ಎಂದರು.

ವಿಮಾನ ಹತ್ತಲಿಲ್ಲ. ಮುಂಬೈ ತಲುಪಿದ ಮೇಲೆ ತಿಳಿಯಿತು, ಕುವೈತ್‌ನ ಕಂಪನಿ ನಮ್ಮ ಇಡೀ ಬ್ಯಾಚಿನ ವೀಸಾ ರದ್ದು ಮಾಡಿದೆ. ಲಾಡ್ಜಿನಲ್ಲಿ ಹನ್ನೊಂದು ದಿನ ಕಾದೆ. ಪೀಣ್ಯದ ಕಾರ್ಖಾನೆ ಕೆಲಸಕ್ಕೆ ಮೊದಲೇ ರಾಜೀನಾಮೆ ಕೊಟ್ಟಾಗಿತ್ತು. ಮಂಕಿ ಕ್ಯಾಪ್ ಹಾಕಿಕೊಂಡು, ಹಾಲಿನವನು ಬರುವ ಮುಂಚೆ ಮನೆ ಸೇರಿದೆ. "ಎರಡು ದಿನ ಯಾರಿಗೂ ಹೇಳೋದು ಬೇಡ ರೀ. ಏನಾದ್ರೂ ದಾರಿ ಮಾಡೋಣ" ಎಂದಳು ಚೇತನಾ. ಆ ಎರಡು ದಿನಕ್ಕೆ ಇವತ್ತು ಒಂದು ತಿಂಗಳು.

ಬಾತ್‌ರೂಮಿನ ಕಿಟಕಿಯಿಂದ ಫ್ಲೆಕ್ಸ್ ಈಗಲೂ ಕಾಣುತ್ತದೆ. ಹಲ್ಲುಜ್ಜುವಾಗ ಇಬ್ಬರೂ ಮುಖಾಮುಖಿ.

ಸೆ. 19

ಹಬ್ಬದ ಆರ್ಡರ್ ಶುರು. ಚೇತನಾ ಮೊದಲೆಲ್ಲ ತಿಂಗಳಿಗೆ ನಾಲ್ಕೈದು ಕೇಕು ಮಾಡುತ್ತಿದ್ದಳು, ಅಷ್ಟೇ. ಈಗ ಹಗಲಿಡೀ ಕಲಸಲು ಆಳಾಗಿ ನಾನು ಸಿಕ್ಕಿದ್ದೇನೆ. ನಾನ್‌ಖಟಾಯ್, ರಾಗಿ, ಏಲಕ್ಕಿ ಕೇಕು — ಯಾವುದಕ್ಕೂ ಮೊಟ್ಟೆ ಇಲ್ಲ. ಪ್ರತಿ ಡಬ್ಬಕ್ಕೂ ಒಂದು ಕಾರ್ಡು. ಅದೂ ನನ್ನ ಕೈಯದ್ದೇ. ಡ್ರಾಯಿಂಗ್ ಕಲಿತದ್ದು ಮಷಿನ್ ಪಾರ್ಟ್‌ಗಳಿಗೆ, ಈಗ ಬ್ಲೇಡಿನಲ್ಲಿ ಕತ್ತರಿಸುತ್ತಿರುವುದು ಕಾಗದದ ಸೇವಂತಿಗೆ.

ಕೆಳಗೆ ಮಾತು ಕೇಳಿಸಿತು. ಮನೆ ಓನರ್ ಮುನಿವೆಂಕಟಪ್ಪ. "ಅಲ್ಲಮ್ಮಾ, ಸಾಹೇಬ್ರು ಫಾರಿನ್‌ಗೆ ಹೋದ್ರೂ ನೀರು ಅಷ್ಟೇ ಖಾಲಿಯಾಗ್ತಾ ಇದ್ಯಲ್ಲ?"

"ಪಾತ್ರೆ ಜಾಸ್ತಿ ಅಂಕಲ್. ಬೇಕಿಂಗ್ ಅಲ್ವಾ."

ಇಂದಿನಿಂದ ಅರ್ಧ ಬಕೆಟ್ ಸ್ನಾನ.

ಸೆ. 22, ಸೋಮವಾರ. ಸಂಜೆ

ಹಾಲ್‌ನಲ್ಲಿ ಗೊಂಬೆ ಕೂರಿಸಿದ್ದಾಳೆ. ಅವಳ ತವರಿನ ಪದ್ಧತಿ. ನಿಲ್ಲಿಸಿದರೆ ಜನ ಯಾಕೆ ಅಂತ ಕೇಳುತ್ತಾರಂತೆ. ನನ್ನ ರೂಮಿಗೆ ಹೊರಗಿನಿಂದ ಚಿಲಕ ಹಾಕಿ ಹೋದಳು, ಮಕ್ಕಳು ಆಟವಾಡುತ್ತ ಬಾಗಿಲು ತಳ್ಳಬಾರದಲ್ಲ.

ಹತ್ತು-ಹನ್ನೆರಡು ಹೆಂಗಸರು ಬಂದಿದ್ದರು. ಗೊಂಬೆ ಬಾಗಿನ ಎಂದು ಚಿಕ್ಕ ಪೊಟ್ಟಣದಲ್ಲಿ ಬಿಸ್ಕತ್ತು. ಬಾಗಿಲಿಗೆ ಕಿವಿಗೊಟ್ಟು ಕೂತೆ. "ಚೇತನಾ, ನಿನ್ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣೇ!" ಬಂಗಾರದ ಬಳೆ ತೊಡಬೇಕಾದ ಕೈ ಇಲ್ಲಿ ಹಿಟ್ಟಿನಲ್ಲಿದೆ. ನಗು ಬಂತು. ಸೀನೂ ಬಂತು — ದಿಂಬಿಗೆ ಮುಖ ಒತ್ತಿ ಸೀನಿದೆ. ಕೆಟ್ಟು ಪಟ್ಟಣ ಸೇರು ಎನ್ನುತ್ತಾರೆ. ಕೆಟ್ಟು ಬೆಡ್‌ರೂಮ್ ಸೇರಿದವನು ನಾನೊಬ್ಬನೇ ಇರಬೇಕು.

ಎಲ್ಲರೂ ಹೋದ ಮೇಲೂ ಚಿಲಕ ತೆಗೆಯುವುದನ್ನು ಮರೆತಳು. ಮುಕ್ಕಾಲು ಗಂಟೆ. ಕೂಗುವಂತಿಲ್ಲ, ಬಡಿಯುವಂತಿಲ್ಲ. ತೆಗೆದಾಗ ಬೈದೆ, ಪಿಸುದನಿಯಲ್ಲೇ. ಪಿಸುದನಿಯಲ್ಲಿ ಬೈದರೆ ಸಿಟ್ಟು ಕಡಿಮೆಯಾಗುವುದಿಲ್ಲ.

ಸೆ. 25

ಅನು ಪಕ್ಕದಲ್ಲಿ ಕೂತು ಕಾರ್ಡಿಗೆ ಗೋಂದು ಹಚ್ಚುತ್ತಿದ್ದಳು. ಒಂಬತ್ತು ವರ್ಷ, ನನಗಿಂತ ಚೆನ್ನಾಗಿ ಸುಳ್ಳು ಹೇಳುತ್ತಾಳೆ. ಸ್ಕೂಲಿನಲ್ಲಿ ಕುವೈತ್‌ನ ಮರಳುಗಾಡು, ಒಂಟೆ ಎಲ್ಲ ವರ್ಣಿಸಿದ್ದಾಳಂತೆ. ಇದ್ದಕ್ಕಿದ್ದಂತೆ ಕೇಳಿದಳು —

"ಅಪ್ಪಾ, ನೀನು ಯಾವಾಗ ವಾಪಸ್ ಬರ್ತೀಯಾ?"

ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಬೇಗ, ಎಂದೆ.

ಅಕ್ಟೋಬರ್ 1. ಆಯುಧಪೂಜೆ

ಐದು ದಿನ ಬರೆಯಲು ಆಗಲಿಲ್ಲ. ಬರೀ ಬಿಸ್ಕತ್ತು, ಬರೀ ಕಾರ್ಡು. ನಾಳೆ ವಿಜಯದಶಮಿಗೆ ಅರವತ್ತು ಬನ್ನಿ ಕಾರ್ಡು — ಒಂದೊಂದಕ್ಕೂ ನಿಜವಾದ ಬನ್ನಿ ಎಲೆ ಅಂಟಿಸಬೇಕು. ಸ್ಕೂಟರಿಗೆ ಚೇತನಾಳೇ ಪೂಜೆ ಮಾಡಿದಳು. ನಾನು ಓವನ್ನಿಗೆ ಕುಂಕುಮ ಇಟ್ಟೆ. ಸದ್ಯಕ್ಕೆ ನನ್ನ ಆಯುಧ ಅದೇ.

ಅಪ್ಪ ಫೋನ್ ಮಾಡಿದ್ದರಂತೆ. ಇದೇ ಊರಿನ ಉಲ್ಲಾಳದಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಪ್ರತಿ ವರ್ಷ ನಾವೇ ಹೋಗಿ ಅವರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಿದ್ದೆವು. ಕಿರಿಯರು ಹಿರಿಯರಿಗೆ ಕೊಡುವುದು ನಮ್ಮ ಕಡೆಯ ಪದ್ಧತಿ. "ಕುಮಾರ ಇಲ್ಲ, ನೀವಿಬ್ಬರೇ ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ, ನಾನೇ ಬರ್ತೀನಿ" ಎಂದರಂತೆ.

ಅಪ್ಪನಿಗೆ ಹೇಳಿಬಿಡುತ್ತೇನೆ ಎಂದೆ. ಚೇತನಾ ಒಂದು ಟ್ರೇ ಪೂರ್ತಿ ಜೋಡಿಸಿದಳು.

"ಹೇಳಿ. ನಾನೇನ್ ನಿಮ್ ಬಾಯಿ ಕಟ್ಟಿದೀನಾ? ಮೊದಲನೇ ದಿನವೇ ಹೇಳ್ಬಹುದಿತ್ತು. ಮಂಕಿ ಕ್ಯಾಪ್ ಹಾಕ್ಕೊಂಡು ಬಂದಿದ್ದು ಯಾರು?"

ನಿಜ. ಚಿಲಕ ಅವಳು ಹಾಕಿದ್ದು ನವರಾತ್ರಿಯಿಂದ ಈಚೆಗೆ. ಅದಕ್ಕೆ ಮೊದಲು ಒಳಗಿನಿಂದ ನಾನೇ ಹಾಕಿಕೊಳ್ಳುತ್ತಿದ್ದೆ. ಜನರಿಗೆ ಹೆದರುವುದಿಲ್ಲ, ನಕ್ಕು ಮರೆಯುತ್ತಾರೆ. ಅಪ್ಪನ ಮುಖ ನೋಡುವುದಕ್ಕೆ ಹೆದರಿಕೆ. ನಲವತ್ತೆರಡು ವರ್ಷಕ್ಕೆ ಒಂದು ಸಲ ಅವರು ನನ್ನ ಬಗ್ಗೆ ಹೆಮ್ಮೆಪಟ್ಟಿದ್ದರು. ಅದೂ ಸುಳ್ಳು ಎಂದು ಹೇಗೆ ಹೇಳಲಿ?

ನಾಳೆ ಹೇಳುತ್ತೇನೆ. ಖಂಡಿತ.

ಅ. 2, ಗುರುವಾರ. ಮಧ್ಯಾಹ್ನ 3

ಶೇವ್ ಮಾಡಿದೆ. ಶರ್ಟ್ ಇಸ್ತ್ರಿಯಾಯಿತು. ಅಪ್ಪ ಬಂದ ಕೂಡಲೇ ಬಾಗಿಲು ತೆಗೆದು ಹೋಗುವುದು, ಕಾಲಿಗೆ ಬೀಳುವುದು, ಆಮೇಲೆ ಮಾತು. ಚೇತನಾ ಸರಿ ಎಂದಿದ್ದಾಳೆ. ಚಿಲಕ ಹಾಕಿಲ್ಲ.

ಸಂಜೆ 6.20

ಹೋಗಲಿಲ್ಲ.

ಅಪ್ಪನ ಕೋಲಿನ ಸದ್ದು ಮೆಟ್ಟಿಲ ಮೇಲೆ ಕೇಳಿತು. ಎದ್ದೆ. ಬಾಗಿಲವರೆಗೂ ಹೋದೆ. ಅಷ್ಟರಲ್ಲಿ ಅಪ್ಪ, "ಮೊದ್ಲು ವಿಡಿಯೋ ಕಾಲ್ ಹಚ್ಚಮ್ಮಾ. ಕುಮಾರನ್ನ ನೋಡಿ ಆಮೇಲೆ ಕಾಫಿ" ಎಂದರು. ಆ ದನಿಯಲ್ಲಿದ್ದ ಆಸೆ... ಚೇತನಾ ಏನೋ ತೊದಲಿದಳು. ನನ್ನ ಕೈಯಲ್ಲಿದ್ದ ಫೋನ್ ಅದುರಿತು. ಎತ್ತಿಬಿಟ್ಟೆ. ಬಾಗಿಲು ತೆಗೆಯಬೇಕಿದ್ದ ಕೈ ಫೋನ್ ಎತ್ತಿತು. ಥೂ, ನನ್ನ ಜನ್ಮಕ್ಕೆ!

ಗೋಡೆಗೆ ಒರಗಿ ಪಿಸುದನಿಯಲ್ಲೇ ಮಾತಾಡಿದೆ. ರೂಮ್‌ಮೇಟ್ ಮಲಗಿದ್ದಾನೆ ಎಂದೆ.

"ಊಟ ಸರಿಯಾಗಿ ಮಾಡ್ತಿದೀಯೇನಪ್ಪ? ಬಿಳಚಿಕೊಂಡಿದೀಯಲ್ಲ. ಅಲ್ಲಿ ಬಿಸಿಲು ಜಾಸ್ತಿ ಅಂತಾರೆ?"

"ಎ.ಸಿ. ಒಳಗೇ ಇರ್ತೀನಿ ಅಪ್ಪಾ."

ಅಷ್ಟರಲ್ಲಿ ಓವನ್ ಟಣ್ ಎಂದಿತು. ಕೊನೆಯ ಟ್ರೇ. ಇಲ್ಲಿ ಒಂದು ಸಲ, ಹಾಲ್‌ನಲ್ಲಿ ಅಪ್ಪ ಹಿಡಿದ ಫೋನಿನೊಳಗೆ ಇನ್ನೊಂದು ಸಲ.

"ಏನದು?"

"ಲಿಫ್ಟ್ ಅಪ್ಪಾ."

ಅಪ್ಪ ಸ್ಕ್ರೀನಿನಿಂದ ಕಣ್ಣೆತ್ತಿ ಪಕ್ಕಕ್ಕೆ ನೋಡಿದರು. "ಸರಿಯಪ್ಪ. ಹುಷಾರು" ಎಂದರು. ಕಾಲ್ ಕಟ್ ಆಯಿತು.

ಚೇತನಾ ಅಡುಗೆಮನೆಗೆ ಹೋದಳು. ಆಮೇಲೆ ಕೋಲಿನ ಸದ್ದು ಹತ್ತಿರ ಬಂತು, ಬಾಗಿಲ ಆಚೆ ನಿಂತಿತು. ಮೆಲ್ಲಗೆ, ನನ್ನಷ್ಟೇ ಮೆಲ್ಲಗೆ —

"ಕುಮಾರ, ಬಿಸ್ಕತ್ತು ಸೀಯ್ತಾ ಇದೆ ಕಣೋ. ಮೊದ್ಲು ತೆಗಿ ಅದನ್ನ."

ತೆಗೆದೆ. ಹೋಂವರ್ಕ್ ಮಾಡದ ಹುಡುಗನಂತೆ ಹೇಳಿದ ತಕ್ಷಣ ತೆಗೆದೆ. ಬೆರಳು ಸುಟ್ಟಿತು. ಬಾಗಿಲ ಕೆಳಗಿನಿಂದ ಒಂದು ಬನ್ನಿ ಕಡ್ಡಿ ಒಳಗೆ ಬಂತು. ಕೋಲಿನ ತುದಿಯಿಂದ ತಳ್ಳುತ್ತಿದ್ದರು.

"ಚಿಕ್ಕೋರು ದೊಡ್ಡೋರಿಗೆ ಕೊಡೋದು ಪದ್ಧತಿ. ಈ ಸಲ ನಾನೇ ಕೊಡ್ತಿದೀನಿ, ತಗೋ."

ಕಡ್ಡಿ ಎತ್ತಿಕೊಂಡೆ.

"ಬಿಸಿಲು ನೋಡಿ ಎಷ್ಟು ದಿನ ಆಯ್ತಪ್ಪ?"

ಕುರ್ಚಿ ಎಳೆದ ಸದ್ದು. ಬಾಗಿಲ ಮುಂದೆಯೇ ಕೂತಿದ್ದಾರೆ. ಚೇತನಾ ತಂದ ಕಾಫಿಯನ್ನು "ಇರಮ್ಮಾ, ಇಬ್ಬರೂ ಒಟ್ಟಿಗೆ ಕುಡೀತೀವಿ" ಎಂದು ವಾಪಸ್ ಕಳಿಸಿದರು.

ಹತ್ತು ನಿಮಿಷವಾಯಿತು. ಅಳು ನಿಲ್ಲಲೆಂದು ಇದನ್ನು ಬರೆಯುತ್ತ ಕೂತಿದ್ದೇನೆ. ಅಪ್ಪ ಒಮ್ಮೆ ಕೆಮ್ಮಿದರು. ಮೊಣಕಾಲು ನೋಯುತ್ತಿರಬೇಕು, ಎಪ್ಪತ್ತಾರು ವರ್ಷ. ಶರ್ಟಿನ ತುಂಬ ಹಿಟ್ಟು. ಬದಲಾಯಿಸಲೇ... ಬೇಡ. ಹೀಗೇ —