ಟೈರಿನ ಸದ್ದು ಅಡಗಿದಾಗ

ಪಹ್ತಯಾರ್ವಿ,
ಜನವರಿಯ ಕೊನೆಯ ಭಾನುವಾರ

ನನ್ನ ಮೆರ್ವಿ ಪುಟ್ಟಿಗೆ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಎರಡನೇ ಮಾತಿಗೆ ಬರುವ ಮೊದಲೇ ನೀನು "ಅಮ್ಮಾ!" ಎಂದು ಕೂಗುತ್ತೀಯ, ನಾನು ಹೆದರಿ ಹವಾಮಾನದ ಸುದ್ದಿಗೆ ತಿರುಗಿಬಿಡುತ್ತೇನೆ. ಕಾಗದಕ್ಕೆ ನೀನು ಎಷ್ಟು ಕೂಗಿದರೂ ನನಗೆ ಕೇಳಿಸುವುದಿಲ್ಲ. ಕಾಫಿ ಬಗ್ಗಿಸಿಕೊಂಡು ಕೂತು ಓದು. ಇಬ್ಬರೂ ಚೆನ್ನಾಗಿದ್ದೇವೆ. ಕಾರೂ ಚೆನ್ನಾಗಿದೆ, ಹಿಂದಿನ ಬಂಪರಿನ ಒಂದು ಗೀರು ಬಿಟ್ಟರೆ. ಅದು ನಮ್ಮ ಸೌದೆ ಒಟ್ಟಿಲಿಗೆ ನಾನೇ ಹಿಂದೆ ಹೋಗಿ ಗುದ್ದಿದ್ದು.

ಹೌದು, ನಾನೇ. ನಾನು ಕಾರು ಓಡಿಸುತ್ತಿದ್ದೇನೆ, ಹಿಮದಲ್ಲಿ, ರೊವಾನಿಯೆಮಿ ಪಟ್ಟಣದ ಆಸ್ಪತ್ರೆಯವರೆಗೆ.

ಕೂಗಿ ಮುಗಿಯಿತೇ? ಹಾಗಾದರೆ ಮುಂದೆ ಓದು.

ನಿಮ್ಮಪ್ಪನ ಕಣ್ಣಿನ ಇಂಜೆಕ್ಷನ್ ತಪ್ಪದೆ ಆಗುತ್ತಿದೆ ಎಂದು ನಾನು ನಿನಗೆ ಹೇಳುತ್ತಾ ಬಂದಿದ್ದೆನಲ್ಲ, ಅದು ನಾನೂ ನಂಬಿದ್ದ ಮಾತು. ಆಸ್ಪತ್ರೆಯವರೇ ಮುಂದೆ ಹಾಕಿದ್ದಾರೆ ಎಂದು ಅವನು ಅಂದಿದ್ದ. ನವೆಂಬರಿನಲ್ಲಿ ಅಲ್ಲಿಂದ ಒಬ್ಬ ನರ್ಸಮ್ಮ ಫೋನ್ ಮಾಡಿ, ನಿಮ್ಮ ಯಜಮಾನರು ಉರ್ಪೊ ಯಾಕೆ ಬರುತ್ತಿಲ್ಲ, ಹೀಗೇ ಬಿಟ್ಟರೆ ಉಳಿದಿರುವುದೂ ಹೋಗುತ್ತದೆ ಎಂದಾಗಲೇ ನನಗೆ ಗೊತ್ತಾದದ್ದು. ಅವನು ದೋಣಿ ಕೊಟ್ಟಿಗೆಯಲ್ಲಿ ಕೂತು ಬಲೆಯ ಸಿಕ್ಕು ಬಿಡಿಸುತ್ತಿದ್ದ. ಕಣ್ಣಿನಿಂದಲ್ಲ, ಬೆರಳಿನಿಂದ. ನಾನು ಬಾಗಿಲಲ್ಲಿ ನಿಂತು ಕೇಳಿದೆ.

"ಆಸ್ಪತ್ರೆಯೋರು ಕಳಿಸೋ ಆ ಟ್ಯಾಕ್ಸೀಲಿ ನಾನು ಹೋಗಲ್ಲ," ಅಂದ. "ಬೆಳಗಾಗೋ ಮುಂಚೆ ಬಂದು ಎಬ್ಬಿಸ್ತಾರೆ, ಊರೂರು ಸುತ್ತಿ ಜನ ತುಂಬ್ತಾರೆ. ಹಿಂದಿನ ಸೀಟಲ್ಲಿ ಆಲೂಗಡ್ಡೆ ಮೂಟೆ ತರ ನಾನು. ಲೇ ಸೈಮಿ, ಆ ರಸ್ತೇಲಿ ಮೂವತ್ತು ಚಳಿಗಾಲ ಲಾರೀಲಿ ಹಿಮ ತಳ್ಳಿದೋನು ಕಣೇ ನಾನು. ನಾನು ಲಾರಿ ತಗೊಂಡು ಹೋಗೋವರೆಗೂ ಒಬ್ರೂ ಮನೆ ಬಿಟ್ಟು ಹೊರಡ್ತಿರ್ಲಿಲ್ಲ."

"ಹಾಗಾದ್ರೆ ಮುಂದಿನ ಸೀಟಲ್ಲಿ ಕೂತ್ಕೊ. ನಾನು ಓಡಿಸ್ತೀನಿ," ಅಂದೆ.

ಅವನು ಕೆಮ್ಮು ಬರುವಷ್ಟು ನಕ್ಕ. "ನೀನಾ? ಮೊದಲ ಹಿಮ ಬಿದ್ದ ದಿನಾನೇ ಕೀಲಿ ಗೂಟಕ್ಕೆ ನೇತುಹಾಕೋಳು!"

ಸುಳ್ಳೇನಲ್ಲ. ನೀನು ಹುಟ್ಟುವ ಮೊದಲೇ ನನ್ನ ಕೈಗೆ ಲೈಸೆನ್ಸ್ ಬಂದಿತ್ತು. ಆದರೂ ಮಂಜು ಕರಗಿದ ಮೇಲೆ ಕಾರು ತೆಗೆದು, ಕಾಡಿನ ಹಣ್ಣು ಕಿತ್ತು ಮುಗಿದ ಕೂಡಲೇ ಒಳಗಿಡುವವಳು ನಾನು. ಚಳಿಗಾಲದ ರಸ್ತೆ ನಿಮ್ಮಪ್ಪನದು ಎಂದೇ ಬಾಳಿದ್ದು. ಕಾರು ಮಾರಿಬಿಡಿ, ದಕ್ಷಿಣಕ್ಕೆ ನಮ್ಮ ಹತ್ತಿರ ಬಂದುಬಿಡಿ ಎಂದು ನೀನು ಹೇಳಿದಾಗ ನಾನು ಸುಮ್ಮನಿದ್ದದ್ದೂ ಅದಕ್ಕೇ. ಆದರೆ ಅವನು ಹಾಗೆ ನಕ್ಕಾಗ ನನಗೆ ಸಿಟ್ಟು ಬಂತು. ಒಳ್ಳೆಯ ಸಿಟ್ಟು. ಸಂಜೆಯೇ ರೌನಿಯ ಮನೆಗೆ ಹೋದೆ.

ಅಂಚೆ ಹಂಚುತ್ತಿದ್ದ ರೌನಿ ನಿನಗೆ ನೆನಪಿರಬೇಕು. ನಮ್ಮದಕ್ಕಿಂತ ಪುಟ್ಟ ಕಾರಿನಲ್ಲಿ, ಎಂಥ ಹಿಮವಿರಲಿ, ಎಲ್ಲರ ಮನೆಗೂ ಕಾಗದ ಮುಟ್ಟಿಸಿ ಈಗ ನಿವೃತ್ತಿಯಾಗಿದ್ದಾಳೆ. ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ ನನ್ನನ್ನು ಅದರ ಮೇಲಕ್ಕೆ ಕರೆದುಕೊಂಡು ಹೋದಳು. ನಾನು ನೇರ ಓಡಿಸುವುದನ್ನು ಕಲಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಜಾರುವುದನ್ನು ಕಲಿಸಿದಳು.

"ಇಲ್ಲಿ ಗುದ್ದೋಕೆ ಏನೂ ಇಲ್ಲ. ಜಾರು, ಸುತ್ತು, ಹೊಟ್ಟೆ ತೊಳಸೋವರೆಗೂ ಸುತ್ತು. ಭಯ ಎಲ್ಲಾ ಇಲ್ಲೇ ಖರ್ಚಾಗ್ಲಿ," ಅಂದಳು.

ನಾನು ಬ್ರೇಕು ಒತ್ತಿದೆ, ಕಾರು ಬುಗುರಿಯಾಯಿತು. ರೌನಿ ಟೋಪಿ ಸರಿಮಾಡಿಕೊಂಡು, "ಬ್ರೇಕು ಅಂದ್ರೆ ಸೊಳ್ಳೆ ಅಲ್ಲ ಕಣೇ, ಟಪ್ ಅಂತ ಹೊಡೆಯೋಕೆ," ಅಂದಳು. "ಕಾಲು ತೆಗಿ. ಎಲ್ಲಾ ಕಾಲೂ ತೆಗಿ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಕಣ್ಣಿಡು, ಕೈ ತಾನಾಗೇ ಆ ಕಡೆ ತಿರುಗುತ್ತೆ. ಹಳ್ಳ ನೋಡ್ತಾ ಕೂತ್ರೆ ಹಳ್ಳಕ್ಕೇ ಹೋಗ್ತೀಯ."

ಇಡೀ ಡಿಸೆಂಬರ್ ಇದೇ ನಡೆಯಿತು. ಒಂದು ದಿನ ಸುತ್ತಿ ನಿಂತಾಗ ಕಿಟಕಿಯ ಮೇಲೆ ಯಾರೋ ಬಡಿದರು. ನಿಮ್ಮಪ್ಪ! ದಡದಿಂದ ಇಂಜಿನ್ನಿನ ಸದ್ದು ಹಿಡಿದುಕೊಂಡು ಮಂಜುಗಡ್ಡೆಯ ಮೇಲೆ ನಡೆದು ಬಂದಿದ್ದ, ಚಳಿಯಲ್ಲೂ ಸದ್ದು ಕೇಳಲೆಂದು ಟೋಪಿಯ ಕಿವಿಪಟ್ಟಿ ಮೇಲಕ್ಕೆ ಕಟ್ಟಿಕೊಂಡು.

"ಎರಡನೇ ಗೇರಲ್ಲಿ ಹೊರಡು," ಅಂದ. "ಒಂದನೇದ್ರಲ್ಲಿ ಚಕ್ರ ಸುಮ್ನೆ ಸುತ್ತುತ್ತೆ. ಕೇಳಿಸ್ತಿಲ್ವಾ ನಿಮ್ಮಿಬ್ರಿಗೂ?"

ರೌನಿ ಇಳಿದು ಹಿಂದೆ ಕೂತಳು. ಅವನು ಮುಂದೆ ಕೂತ. ಅಂದಿನಿಂದ ನನಗೆ ಇಬ್ಬರು ಮೇಷ್ಟ್ರು, ಇಬ್ಬರಿಗೂ ಬೈಗುಳ ಬಾಯಿಪಾಠ. ಜಾರದಿರಲೆಂದು ಮೊಳೆ ಕೂರಿಸಿದ ಚಳಿಗಾಲದ ಟೈರಿನ ಸದ್ದು ಕೇಳುವುದನ್ನು ಅವನು ಕಲಿಸಿದ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು ಕಲ್ಲುಸಕ್ಕರೆ ಅಗಿದ ಹಾಗೆ ಕರಕರ ಅನ್ನುತ್ತದೆ. ಹೊಸ ಹಿಮದಲ್ಲಿ ಹತ್ತಿಯ ಮೇಲೆ ಹೋದ ಹಾಗೆ. "ಸದ್ದು ಜೋರಾದ್ರೆ ಹೆದರ್ಬೇಡ. ಸದ್ದು ಅಡಗ್ತು ಅಂದ್ರೆ ಹೆದರು. ಕೆಳಗೆ ನೀರು ಸವರಿದ ಗಾಜು ಇದೆ ಅಂತ ಅರ್ಥ," ಅಂದ.

ಹೋದ ಮಂಗಳವಾರ ಇಂಜೆಕ್ಷನ್ನಿನ ದಿನ. ಇಂಜಿನ್ ಬಿಸಿಯಾಗಲೆಂದು ಎದ್ದ ಕೂಡಲೇ ಗೋಡೆಯ ಕರೆಂಟಿನ ತಂತಿಯನ್ನು ಕಾರಿಗೆ ಸಿಕ್ಕಿಸಿ ಬಂದೆ. ಗಾಜು, ಚಾವಣಿ, ಮುಂದಿನ ಹಿಂದಿನ ದೀಪ ಎಲ್ಲದರ ಮೇಲಿನ ಹಿಮ ಗುಡಿಸಿದೆ. ಡಿಕ್ಕಿಯಲ್ಲಿ ಸಲಿಕೆ, ಒಂದು ಚೀಲ ಮರಳು, ಎರಡು ಕಂಬಳಿ. ಫ್ಲಾಸ್ಕಿನಲ್ಲಿ ಕಾಫಿ, ಬಟ್ಟೆಯಲ್ಲಿ ಸುತ್ತಿದ ಬಾರ್ಲಿ ರೊಟ್ಟಿ. ನಿಮ್ಮಪ್ಪ ಗಡ್ಡ ಹೆರೆದು, ಶರಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡು ನಿಂತಿದ್ದ. ಅವನೂ ಹೆದರಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು.

ಚರ್ಚಿನ ತಿರುವಿನವರೆಗೂ ಚೆನ್ನಾಗಿಯೇ ಹೋಯಿತು. ಹೆದ್ದಾರಿಗೆ ಬಂದ ಮೇಲೆ ಎದುರಿನಿಂದ ಮರದ ದಿಮ್ಮಿಯ ಲಾರಿ ಬಂತು. ಅದು ನಮ್ಮನ್ನು ದಾಟಿದ್ದೇ ತಡ, ಎಬ್ಬಿಸಿದ ಹಿಮದ ಪುಡಿಯಲ್ಲಿ ಲೋಕವೇ ಇಲ್ಲವಾಯಿತು. ಬೋನೆಟ್ಟೂ ಕಾಣಲಿಲ್ಲ. ನಮ್ಮ ಪುಟ್ಟ ಕಾರು ಬೆಂಕಿಪೊಟ್ಟಣದ ಹಾಗೆ ಪಕ್ಕಕ್ಕೆ ಅಲುಗಿತು. ಅಂಚಿನ ಮೆತ್ತನೆಯ ಹಿಮ ಬಲಗಡೆಯ ಚಕ್ರ ಹಿಡಿದು ತನ್ನ ಕಡೆಗೆ ಎಳೆಯಿತು. ಕಾಲು ತೆಗೆದೆ, ಎಡಕ್ಕೆ ಕಣ್ಣಿಟ್ಟೆ, ಕಾರು ಬಂತು. ಆದರೆ ಮುಂದಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿಬಿಟ್ಟೆ.

"ವಾಪಸ್ ಹೋಗೋಣ," ಅಂದೆ.

ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಫ್ಲಾಸ್ಕು ತಡಕಿ ಮುಚ್ಚಳಕ್ಕೆ ಕಾಫಿ ಸುರಿದು, ಒಂದು ಹನಿ ಚೆಲ್ಲದೆ ನನ್ನ ಕೈಗಿಟ್ಟ. "ಲಾರಿ ಬರೋದು ದೂರದಿಂದ್ಲೇ ಕಾಣುತ್ತಲ್ಲ. ಆವಾಗ್ಲೇ ರಸ್ತೆ ಅಂಚಿನ ಗುರುತಿನ ಕಂಬ ಎಲ್ಲಿದೆ, ಅದರಾಚೆದು ಎಲ್ಲಿದೆ, ಮನಸ್ಸಲ್ಲಿ ಇಟ್ಕೊ. ಕಣ್ಣು ಕಟ್ಟಿದಾಗ ಆ ಕಂಬಗಳ ಲೆಕ್ಕದಲ್ಲಿ ಹೋಗು. ನಾನೂ ಈಗ ಮನೇಲಿ ಹಾಗೇ ಓಡಾಡ್ತೀನಿ. ಒಲೆ, ಮೇಜು, ಬಾಗಿಲು," ಅಂದ.

ಅವನು ತನ್ನ ಕಣ್ಣಿನ ಮಾತನ್ನು ತಾನಾಗಿ ಆಡಿದ್ದು ಅದೇ ಮೊದಲು, ಮೆರ್ವಿ. ಕಾಫಿ ಕುಡಿದು, ಎರಡನೇ ಗೇರಿನಲ್ಲಿ ಹೊರಟೆ. ಮುಂದೆ ಒಂದೊಂದು ತಿರುವಿಗೂ ಅವನು ಮೊದಲೇ ಹೆಸರು ಹೇಳುತ್ತಿದ್ದ. ಇಲ್ಲಿ ಗಾಳಿ ಎಡದಿಂದ ಬರುತ್ತೆ, ಇಲ್ಲಿ ಹಿಮಸಾರಂಗಗಳು ರಸ್ತೆಗೆ ಹಾಕಿದ ಉಪ್ಪು ನೆಕ್ಕೋಕೆ ನಿಂತಿರುತ್ತವೆ. ನಿಂತಿದ್ದವು. ಹಾರನ್ ಹೊಡೆದರೂ ಕದಲಲಿಲ್ಲ. ನಿಮ್ಮಪ್ಪ ಗಾಜು ಇಳಿಸಿ ಬೈದ ಮೇಲೆ ಹೋದವು.

ಆಸ್ಪತ್ರೆಯಲ್ಲಿ ನರ್ಸಮ್ಮ ಒಳ್ಳೆಯವಳು, ಆದರೆ ಮುಚ್ಚಿಡುವವಳಲ್ಲ. ತಪ್ಪಿಸಿದ ತಿಂಗಳುಗಳಲ್ಲಿ ಹೋದದ್ದು ಹೋಯಿತು, ಅದು ಮರಳುವುದಿಲ್ಲ, ಇನ್ನು ಉಳಿದಿರುವುದನ್ನು ಕಾಪಾಡಿಕೊಳ್ಳುವುದು ಮಾತ್ರ, ಅದಕ್ಕೆ ಪ್ರತಿ ತಿಂಗಳೂ ಬರಬೇಕು ಎಂದಳು. ನಿಮ್ಮಪ್ಪ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, "ಬರ್ತೀವಿ, ಇವಳು ಕರ್ಕೊಂಡು ಬರ್ತಾಳೆ," ಅಂದ. ಕಾರಿಗೆ ಬಂದ ಮೇಲೆ ತಲೆಯನ್ನು ಸೀಟಿಗೆ ಒರಗಿಸಿದ.

ಮರಳಿ ಬರುವಾಗ ಮಧ್ಯಾಹ್ನದ ಮಬ್ಬೂ ಆರಿ ಕತ್ತಲಾಗಿತ್ತು. ಹಿಮ ಶುರುವಾಯಿತು. ದೊಡ್ಡ ದೀಪ ಹಾಕಿದರೆ ಎದುರಿಗೆ ಬಿಳಿ ಗೋಡೆ. ಚಿಕ್ಕ ದೀಪದಲ್ಲೇ ಬಂದೆ. ನಮ್ಮ ಮುಂದೆ ಬಹಳ ದೂರದಲ್ಲಿ ಒಂದು ದಿಮ್ಮಿ ಲಾರಿಯ ಕೆಂಪು ದೀಪಗಳು ಕಂಡೂ ಕಾಣದೆ ಹೋಗುತ್ತಿದ್ದವು. ಗುಡ್ಡದ ಏರಿನಲ್ಲಿ, ಆಚೆ ಬದಿಗೆ ಇಳಿಯುವ ಮೊದಲು, ನಿಮ್ಮಪ್ಪ ನಿಲ್ಲಿಸು ಅಂದ. ನಿಲ್ಲಿಸಿದೆ.

ಆಮೇಲೆ ಹಿಂದೆ ಬರುವವರಿಗೆ ಎಚ್ಚರಿಕೆಯಾಗಿ ತ್ರಿಕೋನದ ಫಲಕವನ್ನು ಹಿಂದಿನ ರಸ್ತೆಯಲ್ಲಿಟ್ಟು, ಟಾರ್ಚ್ ಹಿಡಿದು ನೆತ್ತಿಯವರೆಗೆ ನಡೆದು ನೋಡಿದೆ. ಇಳಿಜಾರಿನ ಕೆಳಗೆ ಅದೇ ಲಾರಿ, ಟ್ರೇಲರ್ ಮಡಚಿಕೊಂಡು ರಸ್ತೆಗೆ ಅಡ್ಡವಾಗಿ ನಿಂತಿತ್ತು. ದಾಟಲು ಒಂದು ನಾಯಿಗೂ ಜಾಗವಿರಲಿಲ್ಲ. ಇಳಿಜಾರು ಪೂರ್ತಿ ಗಾಜು, ನಾನು ನಿಂತಲ್ಲೇ ಕಾಲು ಜಾರಿ ಕೂತುಬಿಟ್ಟೆ. ನಾವು ಅದೇ ವೇಗದಲ್ಲಿ ನೆತ್ತಿ ದಾಟಿದ್ದರೆ ಏನಾಗುತ್ತಿತ್ತು ಎಂದು ಬರೆಯುವುದಿಲ್ಲ, ನಿನಗೆ ಗೊತ್ತಾಗುತ್ತದೆ.

ಲಾರಿಯವನಿಗೆ ಏನೂ ಆಗಿರಲಿಲ್ಲ. ಹತ್ತಿ ಬಂದು ನಮ್ಮ ಕಾರಿನೊಳಗೆ ಕೂತು, ಕಾಫಿಯ ಕಪ್ಪನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. "ಯಾವನೋ ಹಿಂದಿನಿಂದ ಬಂದು ನನ್ನ ದಿಮ್ಮಿಗೆ ಸಿಕ್ಕೊಂಡು ಸಾಯ್ತಾನೆ ಅಂತ ಕಾಯ್ತಾ ಇದ್ದೆ," ಅಂದ. "ನೀವು ಹೇಗೆ ಮೇಲೇ ನಿಂತ್ರಿ?"

"ಟೈರಿನ ಸದ್ದು ಅಡಗ್ತಲ್ಲ," ಅಂದ ನಿಮ್ಮಪ್ಪ. ಇಂಜೆಕ್ಷನ್ ಕೊಟ್ಟ ಕಣ್ಣಿನ ಬ್ಯಾಂಡೇಜಿನ ಕೆಳಗೆ ಅವನ ಮೀಸೆ ನಕ್ಕಿತು. "ಮೂವತ್ತು ಚಳಿಗಾಲ ಹಿಮ ತಳ್ಳಿದ ಕಿವಿ, ಮಾರಾಯ."

ಅಂದಿನಿಂದ ಅಂಗಡಿಯಲ್ಲಿ, ಸೌನಾದ ಹಬೆ ಸ್ನಾನದಲ್ಲಿ, ರೌನಿಯ ಅಡುಗೆಮನೆಯಲ್ಲಿ ಇದೇ ಕಥೆ. ಹೇಳಿದಷ್ಟೂ ಇಳಿಜಾರು ಕಡಿದಾಗುತ್ತಿದೆ. ಮುಂದಿನ ತಿಂಗಳ ತಾರೀಖನ್ನು ಅವನೇ ಫೋನ್ ಮಾಡಿ ಗೊತ್ತುಮಾಡಿಕೊಂಡಿದ್ದಾನೆ. ಆದ್ದರಿಂದ ಕಾರು ಮಾರುವ ಮಾತು ಇನ್ನು ಎತ್ತಬೇಡ. ದಕ್ಷಿಣಕ್ಕೆ ಬರುವ ಮಾತೂ ಬೇಡ. ಹವಾಮಾನದವರು ಹೊರಡಬೇಡಿ ಎಂದ ದಿನ ನಾನು ಹೊರಡುವುದಿಲ್ಲ, ಆ ಮಾತು ಕೊಡುತ್ತೇನೆ. ಉಳಿದ ದಿನಗಳೆಲ್ಲ ನನ್ನವು.

ಮಕ್ಕಳ ಕೆನ್ನೆಗೆ ನನ್ನ ತಣ್ಣನೆಯ ಮೂಗು ಒತ್ತಿದ್ದೇನೆ ಎಂದು ಹೇಳು.

ರಸ್ತೆಯ ಮೇಲಿರುವ
ನಿನ್ನ ಅಮ್ಮ
ಸೈಮಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಮೇಲಿನದನ್ನೆಲ್ಲ ನಿಮ್ಮಪ್ಪನಿಗೆ ಓದಿ ಹೇಳಿದ್ದೇನೆ, ಎರಡು ಸಲ ಓದಿಸಿಕೊಂಡ. ಇದನ್ನು ಮಾತ್ರ ಸೋಮವಾರ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು, ನಿಂತೇ ಬರೆಯುತ್ತಿದ್ದೇನೆ. ಆ ಏರಿನಲ್ಲಿ ಅವನು ನಿದ್ದೆ ಹೋಗಿದ್ದ, ಪುಟ್ಟಿ. ಆಸ್ಪತ್ರೆಯ ಆ ಮಾತು ಅವನನ್ನು ಅಷ್ಟು ಸುಸ್ತು ಮಾಡಿತ್ತು. ಲಾರಿಯ ಚಕ್ರದ ಗುರುತು ನೇರ ಹೋಗುತ್ತಿದ್ದದ್ದು ನೆತ್ತಿಯ ಹತ್ತಿರ ಪೊರಕೆಯಲ್ಲಿ ಗುಡಿಸಿದ ಹಾಗೆ ಅಡ್ಡಡ್ಡ ಹರಡಿತ್ತು, ಅಂಚಿನ ಒಂದು ಕಂಬ ಮುರಿದು ಬಿದ್ದಿತ್ತು. ಅದನ್ನು ನೋಡಿದವಳು ನಾನು. ಕಾಲು ತೆಗೆದು, ಗೇರು ಇಳಿಸಿ, ಮೆಲ್ಲಗೆ ನಿಲ್ಲಿಸಿದವಳೂ ನಾನೇ. ಅವನು ಎಚ್ಚೆತ್ತು, "ಯಾಕೆ ನಿಂತ್ವಿ?" ಅಂದ. ನಾನು ಅವನ ಮುಖ ನೋಡಿದೆ. "ನೀನೇ ನಿಲ್ಲಿಸು ಅಂದ್ಯಲ್ಲ," ಅಂದೆ. "ಅಂದ್ನಾ?" ಅಂದ. "ಎಷ್ಟು ಜೋರಾಗಿ ಅಂದೆ!" ಅಂದೆ. ಫೋನಿನಲ್ಲಿ ಅವನು ಈ ಕಥೆ ಹೇಳುವಾಗ ಬೆರಗಾಗು, ಮತ್ತೊಮ್ಮೆ ಹೇಳಿಸಿಕೋ. ಆದರೆ ರಾತ್ರಿ ನಮ್ಮನ್ನು ನೆನೆದು ನಿನಗೆ ನಿದ್ದೆ ಬಾರದಿದ್ದರೆ, ಆ ಕಾರಿನಲ್ಲಿ ಎಚ್ಚರವಾಗಿದ್ದವಳು ಯಾರು ಎಂಬುದು ನಿನಗೊಬ್ಬಳಿಗಾದರೂ ಗೊತ್ತಿರಲಿ.