ಬೀಳದ ಬೀದಿ

ಮನೆಯಿಂದ, ಗುರುವಾರ ಬೆಳಿಗ್ಗೆ

ಮಗಳ ಅಪ್ಪನಿಗೆ ನಮಸ್ಕಾರಗಳು.

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ನೀರು ಹಿಡಿದು, ದೇವರಿಗೆ ದೀಪ ಹಚ್ಚಿ, ಬಟ್ಟೆ ಒಣಹಾಕಿ ಈಗ ಕೂತೆ. ನಿಮ್ಮ ಸೊಂಟನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀರೋ, ಶೀಶೆ ಚೀಲದ ತಳದಲ್ಲೇ ಇದೆಯೋ? ಬೆಟ್ಟದ ಮೇಲಿನ ಆ ಹೋಟೆಲಿನ ಕಿಟಕಿ ಬಾಗಿಲಿನ ಕೆಲಸ ಎಲ್ಲಿಗೆ ಬಂತು? ಅಲ್ಲಿ ಫೋನು ಸಿಗುವುದಿಲ್ಲವೆಂದು ಮರದ ಲಾರಿಯ ಡ್ರೈವರ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ಮಾತ್ರ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾಳೆ. ಅದಕ್ಕೆ ಕಾರಣ ನೀವು.

ಅವಳ ಸಿನಿಮಾಕ್ಕೆಂದು ನಮ್ಮ ಬೀದಿಯನ್ನೇ ಗೇಣುದ್ದದ ಮರದ ಮನೆಗಳಲ್ಲಿ ಮಾಡಿಕೊಟ್ಟು ಹೋದಿರಲ್ಲ, ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ದರ್ಜಿಯಂತೂ ತನ್ನ ಅಂಗಡಿ ಕಂಡು, ಒಳಗೆ ತಾನೂ ಇದ್ದಾನೋ ಎಂದು ಬಗ್ಗಿ ನೋಡಿದ. ಮಗಳು ಮನೆಗಳ ಒಳಗೆಲ್ಲ ಕಾಳು ಚೆಲ್ಲಿ, ನಮ್ಮ ಹುಂಜವನ್ನೇ ದೈತ್ಯಪ್ರಾಣಿಯೆಂದು ಬಿಟ್ಟು, ನೆಲಕ್ಕೆ ಮಲಗಿ ಫೋನಿನಲ್ಲಿ ಚಿತ್ರ ಹಿಡಿದಳು. ಹುಂಜ ಕೆದರಿತು, ಕುಕ್ಕಿತು, ರೆಕ್ಕೆ ಬಡಿಯಿತು. ಒಂದು ಹಂಚೂ ಜಾರಲಿಲ್ಲ. ಕೊನೆಗೆ ನೀವು ಮಾಡಿದ ಪುಟ್ಟ ಟಾಕೀಸಿನ ಮೇಲೆ ಹತ್ತಿ ಕಣ್ಣು ಮುಚ್ಚಿ ಕೂತುಬಿಟ್ಟಿತು. ಮುಟ್ಟಿದರೆ ಬೀಳುವ ಹಾಗೆ ಮಾಡಿಕೊಡಿ ಎಂದು ಅವಳು ಬಾಯಿಬಿಟ್ಟು ಕೇಳಿದ್ದಳು. ನೀವು ಮೂರು ತಲೆಮಾರು ಬಾಳುವ ಹಾಗೆ ಬೆಸೆದಿಟ್ಟಿದ್ದೀರಿ. ಸಡಿಲವಾಗಿ ಮಾಡಿ ಎಂದರೆ ನಿಮ್ಮ ಕೈ ಎಲ್ಲಿ ಕೇಳುತ್ತದೆ.

ಟಾಕೀಸಿನಲ್ಲಿ ಸಿನಿಮಾ ಓಡಿಸುವ ನನ್ನ ತಮ್ಮ, ಈ ಭಾನುವಾರ ದೈತ್ಯಪ್ರಾಣಿಗಳ ಸಿನಿಮಾ ಹಾಕುವಾಗ ಇದನ್ನೂ ತೋರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ನೋಡಿ ತಲೆ ಅಲ್ಲಾಡಿಸಿದ. "ಪ್ರಾಣಿ ದೊಡ್ಡದಿರಬೇಕು, ಊರು ಬೀಳಬೇಕು, ಜನ ದಿಕ್ಕಾಪಾಲಾಗಿ ಓಡಬೇಕು. ಇದು ಕೋಳಿ ನಿದ್ದೆ ಮಾಡೋ ಸಿನಿಮಾ ಅಕ್ಕ" ಎಂದ. ನನಗೆ ಸುಮ್ಮನಿರಲಾಗಲಿಲ್ಲ. ಅಗುಳಿ ಹಾಕಿಕೊಂಡು ಒಳಗೆ ಕೂತರೆ ಜೀವ ಉಳಿಯುವುದಾದರೆ ಅದು ಕಳ್ಳನ ಕಥೆ, ಹೆಚ್ಚೆಂದರೆ ಹುಲಿಯ ಕಥೆ. ಅಗುಳಿಯಿಂದ ಏನೂ ಆಗದು ಎಂದು ಗೊತ್ತಾಗಿ ಊರಿಗೆ ಊರೇ ತಲೆಯೆತ್ತಿ ದೇವರೇ ಅನ್ನಬೇಕು, ಅದು ದೈತ್ಯ. ಆಮೇಲೆ ಅದು ಮುರಿಯಲಿ, ಮಲಗಲಿ, ಅದರ ಇಷ್ಟ ಎಂದೆ. ಮಗಳು ಆಗ ನಕ್ಕಳು. ತಮ್ಮ ತಲೆ ಕೆರೆದುಕೊಂಡ. "ನೀನು ಹೇಳೋದು ಸರಿ ಅಕ್ಕ, ಆದ್ರೆ ನೋಡೋಕೆ ಬರೋರೆಲ್ಲ ನೀನಲ್ಲವಲ್ಲ. ಒಂದೇ ಒಂದು ಮನೆ ಬೀಳ್ಲಿ, ತೋರಿಸ್ತೀನಿ" ಎಂದು ತಾನೇ ಗರಗಸ ತಂದ. ಇವಳು ಬೀದಿಗೆ ಅಡ್ಡ ಕೂತಳು. "ಅಪ್ಪ ಮಾಡಿದ್ದು. ಯಾರೂ ಕೈ ಹಾಕ್ಬೇಡಿ" ಎಂದಳು. ಸಿನಿಮಾವೂ ಬೇಕು, ಅಪ್ಪನ ಬೀದಿಯೂ ಬೇಕು. ಹಟದಲ್ಲಿ ನಿಮ್ಮದೇ ಪಡಿಯಚ್ಚು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮ ಕೈಕಾಲು ಗಟ್ಟಿಯಾಗಿಟ್ಟಿರಲಿ. ತಮ್ಮನೂ ಮಗಳೂ ನಮಸ್ಕಾರ ತಿಳಿಸಿದ್ದಾರೆ.

ಇಂತಿ,
ನಿಮ್ಮ ಮನೆಯವಳು

ಇನ್ನೊಂದು ಮಾತು, ಲಾರಿ ಹಾರನ್ ಹೊಡೆಯುತ್ತಿದೆ. ಕಟ್ಟಿದ ಕೈಯೇ ಬಿಚ್ಚಿದರೆ ಅವಳು ಬೇಡ ಅನ್ನುವುದಿಲ್ಲ, ಕೇಳಿ ನೋಡಿದ್ದೇನೆ. ಉಳಿ ತೆಗೆದುಕೊಂಡು ಬನ್ನಿ. ಒಂದು ಮನೆ ಸಡಿಲ ಮಾಡಿಕೊಟ್ಟರೆ ಸಾಕು, ಉಳಿದದ್ದನ್ನು ಹುಂಜ ನೋಡಿಕೊಳ್ಳುತ್ತದೆ. ನನ್ನ ಅಂಗಡಿ ಮುಟ್ಟಬೇಡಿ ಎಂದು ದರ್ಜಿ ಆಗಲೇ ಹೇಳಿ ಹೋಗಿದ್ದಾನೆ. ಬೇರೆಯವರ ಮನೆ ಬೀಳಿಸಿದ ಪಾಪ ನಮಗೆ ಬೇಡ, ನಮ್ಮದನ್ನೇ ಬೀಳಿಸಿ. ದೇವರ ಮುಂದೆ ಹೇಳಿಕೊಂಡಿದ್ದೇನೆ, ಏನೂ ಆಗುವುದಿಲ್ಲ. ಶನಿವಾರ ಲಾರಿ ವಾಪಸು ಬರುವಾಗ ನಿಮ್ಮ ಶೆಡ್ಡಿಗೇ ಬಂದು ನನ್ನ ಪತ್ರಕ್ಕೆ ಉತ್ತರ ತರಬೇಕೆಂದು ಡ್ರೈವರಿಗೆ ಹೇಳಿದ್ದೇನೆ. ಉತ್ತರ ಕಾಗದದಲ್ಲಿ ಇರುವುದಿಲ್ಲ, ಪಕ್ಕದ ಸೀಟು ಖಾಲಿ ಇಟ್ಟುಕೊ ಎಂದೂ ಹೇಳಿದ್ದೇನೆ.