ಪಂದ್ಯದಲ್ಲಿ ಸಿಡಿದ ಫಿರಂಗಿ

ಓಹಿಯೊ, ಅಕ್ಟೋಬರ್ 1946

ಪ್ರೀತಿಯ ಅಕ್ಕ,

ಶನಿವಾರದ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಕಾಲೇಜಿನವರು ಅಂಕ ಗಳಿಸಿದ್ದೇ ತಡ, ಹುರಿದುಂಬಿಸುವ ಸಂಘದ ಹುಡುಗರು ಪುಟ್ಟ ಫಿರಂಗಿಯೊಂದನ್ನು ಸಿಡಿಸಿದರು. ಯುದ್ಧ ಮುಗಿಸಿ ಬಂದ ನಾವು ಮೂವತ್ತು ವಿದ್ಯಾರ್ಥಿಗಳು ಬೆಂಚುಗಳ ನಡುವೆ ಬೋರಲು ಬಿದ್ದಿದ್ದೆವು.

"ಏನ್ರಪ್ಪಾ, ಎಲ್ರ ಚಿಲ್ಲರೆನೂ ಒಟ್ಟಿಗೇ ಬಿದ್ಹೋಯ್ತಾ?" ಎಂದು ಸಹಪಾಠಿ ಆರ್ಲೀನ್ ನಕ್ಕಳು. ನಾನಿನ್ನೂ ತಲೆ ಎತ್ತದಿರುವುದನ್ನು ಕಂಡು ನಗು ನಿಲ್ಲಿಸಿ, ಹೊಸ ಲಂಗದಲ್ಲೇ ನನ್ನ ಪಕ್ಕ ನೆಲದ ಮೇಲೆ ಕೂತಳು.

ನಾಚಿಕೆಯಿಂದ ಎರಡು ದಿನ ತರಗತಿಗೆ ಹೋಗಲಿಲ್ಲ. ಕೋಣೆಯಲ್ಲಿ ಕೂರಲೂ ಆಗದೆ ಊರೆಲ್ಲ ಸುತ್ತಿದೆ. ಇವತ್ತು ಸಂಘದ ಮುಖಂಡ, ಹತ್ತೊಂಬತ್ತರ ಹುಡುಗ, ಬಾಗಿಲಿಗೆ ಬಂದ.

"ಅಣ್ಣಾ, ತಪ್ಪಾಯ್ತು. ಇನ್ಮೇಲೆ ಗಂಟೆ ಬಾರಿಸ್ತೀವಿ. ಬಾರಿಸೋಕೆ ನೀವೇ ಬರ್ಬೇಕು."

ಒಪ್ಪಿಕೊಂಡೆ. ಯುದ್ಧದಲ್ಲಾದ ಭುಜದ ಗಾಯ ಮಾಗಿದೆ. ಅಮ್ಮನಿಗೆ ಅದನ್ನಷ್ಟೇ ಹೇಳು.

ನಿನ್ನ ತಮ್ಮ,
ವರ್ನನ್